43,20,000: ಒಂದು ದೊಡ್ಡ ಸಂಖ್ಯೆಯ ಜಾತಕ ಬರೆಯುವುದು ಹೇಗೆ?

ಯುಗಾದಿಗೆ ಮನೆಗೆ ಬರುವ ಪಂಚಾಂಗದ ಮೊದಲ ಪುಟಗಳಲ್ಲಿ ನಾಲ್ಕು ಸಂಖ್ಯೆಗಳು ಸಿಗುತ್ತವೆ. ಕೃತಯುಗಕ್ಕೆ 17,28,000 ವರ್ಷ, ತ್ರೇತಾಯುಗಕ್ಕೆ 12,96,000, ದ್ವಾಪರಕ್ಕೆ 8,64,000, ಕಲಿಯುಗಕ್ಕೆ 4,32,000. ನಾಲ್ಕನ್ನೂ ಕೂಡಿದರೆ 43,20,000. ಅದೇ ಒಂದು ಮಹಾಯುಗ. ಹಳೆಯ ಖಗೋಳ ಗ್ರಂಥವಾದ ಸೂರ್ಯಸಿದ್ಧಾಂತದಲ್ಲೂ ಇದೇ ಸಂಖ್ಯೆ, ಆರ್ಯಭಟ ಬರೆದ ಆರ್ಯಭಟೀಯದಲ್ಲೂ ಇದೇ ಸಂಖ್ಯೆ.

ಯುಗಗಳ ಧಾರ್ಮಿಕ ಅರ್ಥವನ್ನು ಇಲ್ಲಿ ಬದಿಗಿಡೋಣ. ನಮಗೆ ಬೇಕಿರುವುದು ಬರೀ ಸಂಖ್ಯೆ. ಒಂದು ದೊಡ್ಡ ಪೂರ್ಣಾಂಕ ಕೈಗೆ ಸಿಕ್ಕರೆ ಅದರ ಗುಣಗಳನ್ನು ಪೆನ್ನು, ಕಾಗದದಲ್ಲೇ ಕಂಡುಕೊಳ್ಳುವುದು ಹೇಗೆ? ಅದು ಯಾವ ಯಾವ ಗುಂಪಿಗೆ ಸೇರುತ್ತದೆ ಎಂದು ಹೇಳುವುದು ಹೇಗೆ? 43,20,000 ಇದಕ್ಕೆ ಒಳ್ಳೆಯ ಉದಾಹರಣೆ. ಒಡೆಯುವುದು ಸುಲಭ, ಒಡೆದ ಮೇಲೆ ಸಿಗುವುದು ಬಹಳ.

ಹೈಸ್ಕೂಲಿನ ಗಣಿತ ಸಾಕು. ಅವಿಭಾಜ್ಯ ಸಂಖ್ಯೆ ಎಂದರೇನು, ಘಾತ ಎಂದರೇನು ಎಂಬುದು ನೆನಪಿದ್ದರೆ ಮುಂದಕ್ಕೆ ಹೋಗಬಹುದು.

ಹಂತ 1: ಸಂಖ್ಯೆಯನ್ನು ಸರಿಯಾಗಿ ಬರೆದುಕೊಳ್ಳಿ

ಸಣ್ಣ ವಿಷಯ, ಆದರೆ ತಪ್ಪುಗಳು ಹುಟ್ಟುವುದೇ ಇಲ್ಲಿ. ನಾವು 43,20,000 ಎಂದು ಬರೆಯುತ್ತೇವೆ. ಕ್ಯಾಲ್ಕುಲೇಟರ್ ಆಪ್‌ಗಳು ಹಲವು ಸಲ 4,320,000 ಎಂದು ತೋರಿಸುತ್ತವೆ. ಎರಡೂ ಒಂದೇ. ಅಲ್ಪವಿರಾಮ ತೆಗೆದು ಅಂಕಿ ಎಣಿಸಿ: 4320000, ಏಳು ಅಂಕಿ, ಕೊನೆಗೆ ನಾಲ್ಕು ಸೊನ್ನೆ.

ಆರ್ಯಭಟ ಇದನ್ನು ಎರಡೇ ಅಕ್ಷರಗಳಲ್ಲಿ ಮುಗಿಸಿದ: ಖ್ಯುಘೃ. ಅವನ ಪದ್ಧತಿಯಲ್ಲಿ ಖ ಎಂದರೆ 2, ಯ ಎಂದರೆ 30, ಉಕಾರ ಎಂದರೆ 10,000. ಹಾಗಾಗಿ 'ಖ್ಯು' ಎಂದರೆ 32 × 10,000, ಅಂದರೆ 3,20,000. ಘ ಎಂದರೆ 4, ಋಕಾರ ಎಂದರೆ 10,00,000. 'ಘೃ' ಎಂದರೆ 40,00,000. ಎರಡನ್ನೂ ಕೂಡಿ ನೋಡಿ. ಶ್ಲೋಕದಲ್ಲಿ ಜಾಗ ಉಳಿಸಲು ಇದಕ್ಕಿಂತ ಚುಟುಕಾದ ದಾರಿ ಇರಲಾರದು.

ಹಂತ 2: ಅವಿಭಾಜ್ಯಗಳಾಗಿ ಒಡೆಯಿರಿ

ಇಡೀ ಕೆಲಸದ ಜೀವಾಳ ಈ ಹಂತ. ಇದನ್ನು ಸರಿಯಾಗಿ ಮಾಡಿದರೆ ಮುಂದಿನದೆಲ್ಲ ಹೆಚ್ಚುಕಮ್ಮಿ ಎಣಿಕೆಯ ಕೆಲಸ.

ಕೊನೆಯ ಸೊನ್ನೆಗಳಿಂದ ಶುರುಮಾಡಿ. ಪ್ರತಿ ಸೊನ್ನೆಯೂ 10, ಅಂದರೆ 2 × 5. ನಾಲ್ಕು ಸೊನ್ನೆ ಇವೆ, ಹಾಗಾಗಿ 2⁴ × 5⁴ ಈಗಲೇ ಸಿಕ್ಕಿತು. ಉಳಿದದ್ದು 432.

432 ÷ 2 = 216
216 ÷ 2 = 108
108 ÷ 2 = 54
54 ÷ 2 = 27
27 = 3 × 3 × 3

ಅಂದರೆ 432 = 2⁴ × 3³. ಎಲ್ಲಾ ಸೇರಿಸಿದರೆ:

43,20,000 = 2⁸ × 3³ × 5⁴

ತಾಳೆ ನೋಡೋಣ: 256 × 27 = 6,912. ಅದನ್ನು 625ರಿಂದ ಗುಣಿಸಿದರೆ 43,20,000. ಸರಿ ಇದೆ.

ಈ ಸಾಲನ್ನು ಕಾಗದದ ಮೇಲೆ ದೊಡ್ಡದಾಗಿ ಬರೆದಿಟ್ಟುಕೊಳ್ಳಿ. ಇದೇ ಸಂಖ್ಯೆಯ ಜಾತಕ. ಒಂದು ಸಂಖ್ಯೆಯನ್ನು ಹೀಗೆ ಒಡೆಯಲು ಒಂದೇ ಒಂದು ದಾರಿ ಇರುವುದು. ಯಾರು ಒಡೆದರೂ ಎಂಟು 2, ಮೂರು 3, ನಾಲ್ಕು 5 ಅಷ್ಟೇ ಸಿಗುತ್ತವೆ.

ಎಲ್ಲಾ ಸಂಖ್ಯೆಗಳೂ ಇಷ್ಟು ಸುಲಭವಾಗಿ ಬಗ್ಗುವುದಿಲ್ಲ. ಸ್ವಲ್ಪ ಮೊಂಡು ಸಂಖ್ಯೆಯೊಂದನ್ನು ನೋಡೋಣ, ಮುಂದೆ ಇದು ಬೇಕಾಗುತ್ತದೆ. ಆರ್ಯಭಟನ ಲೆಕ್ಕದಲ್ಲಿ ಒಂದು ಮಹಾಯುಗಕ್ಕೆ 157,79,17,500 ದಿನಗಳು. ಎರಡು ಸೊನ್ನೆ ತೆಗೆದರೆ 2² × 5² ಹೋಗಿ 1,57,79,175 ಉಳಿಯುತ್ತದೆ. ಅದನ್ನು 25ರಿಂದ ಭಾಗಿಸಿದರೆ 6,31,167. ಇದರ ಅಂಕಿಗಳ ಮೊತ್ತ 24. ಹಾಗಾಗಿ 3ರಿಂದ ಭಾಗವಾಗುತ್ತದೆ, 9ರಿಂದ ಆಗುವುದಿಲ್ಲ. 3ರಿಂದ ಭಾಗಿಸಿದರೆ 2,10,389.

ಇಲ್ಲಿ ಸುಲಭದ ದಾರಿ ಮುಗಿಯಿತು. ಈಗ 7, 11, 13, 17 ಹೀಗೆ ಒಂದೊಂದೇ ಅವಿಭಾಜ್ಯದಿಂದ ಭಾಗಿಸಿ ನೋಡಬೇಕು. ಎಲ್ಲಿಯವರೆಗೆ? ವರ್ಗಮೂಲದವರೆಗೆ ಸಾಕು. 2,10,389ರ ವರ್ಗಮೂಲ 458ಕ್ಕಿಂತ ಸ್ವಲ್ಪ ಜಾಸ್ತಿ. ಅದಕ್ಕಿಂತ ದೊಡ್ಡ ಅಪವರ್ತನ ಇದ್ದರೆ ಅದರ ಜೋಡಿ 458ರ ಒಳಗೇ ಸಿಕ್ಕಿರಬೇಕು. 458ರವರೆಗೆ 88 ಅವಿಭಾಜ್ಯಗಳಿವೆ. ನಮ್ಮ ಅದೃಷ್ಟಕ್ಕೆ ಹದಿನೆಂಟನೆಯದ್ದೇ ಕೆಲಸ ಮಾಡುತ್ತದೆ:

2,10,389 = 61 × 3,449

ಈಗ 3,449 ಅವಿಭಾಜ್ಯವೇ? ಮತ್ತೆ 7ರಿಂದ ಶುರುಮಾಡಬೇಡಿ. 61ಕ್ಕಿಂತ ಸಣ್ಣ ಅವಿಭಾಜ್ಯ ಯಾವುದೂ 2,10,389ನ್ನು ಭಾಗಿಸಲಿಲ್ಲ ಎಂದು ಆಗಲೇ ನೋಡಿದ್ದೇವೆ. ಹಾಗಾಗಿ ಅವು 3,449ನ್ನೂ ಭಾಗಿಸಲಾರವು. ಇತ್ತ 61 × 61 = 3,721, ಇದು 3,449ನ್ನು ಮೀರಿತು. ಅಲ್ಲಿಗೆ 3,449 ಅವಿಭಾಜ್ಯ, ಒಂದು ಭಾಗಾಕಾರವನ್ನೂ ಹೊಸದಾಗಿ ಮಾಡದೆ. ಕೈಲೆಕ್ಕದಲ್ಲಿ ಜನ ಮರೆಯುವ, ತುಂಬಾ ಸಮಯ ಉಳಿಸುವ ಉಪಾಯ ಇದು.

157,79,17,500 = 2² × 3 × 5⁴ × 61 × 3,449

ಕಂಪ್ಯೂಟರ್ ಇದ್ದರೆ ಲಿನಕ್ಸ್ ಟರ್ಮಿನಲ್‌ನಲ್ಲಿ 'ಫ್ಯಾಕ್ಟರ್' ಎಂಬ ಆಜ್ಞೆಯ ಮುಂದೆ ಸಂಖ್ಯೆ ಕೊಟ್ಟರೆ ಕಣ್ಣುಮಿಟುಕಿಸುವಷ್ಟರಲ್ಲಿ ಉತ್ತರ ಬರುತ್ತದೆ. ಹತ್ತಿಪ್ಪತ್ತು ಅಂಕಿಯ ಸಂಖ್ಯೆಗಳು ಅದಕ್ಕೆ ಲೆಕ್ಕಕ್ಕಿಲ್ಲ. ನೂರಾರು ಅಂಕಿ ಆದಾಗ ಮಾತ್ರ ಕಥೆಯೇ ಬೇರೆ. ಆರ್‌ಎಸ್‌ಎ-250 ಎಂಬ 250 ಅಂಕಿಯ ಸಂಖ್ಯೆಯನ್ನು ಒಡೆದದ್ದು 2020ರಲ್ಲಿ, ಅದೂ ಸಾವಿರಾರು ಕಂಪ್ಯೂಟರುಗಳ ಶ್ರಮದಿಂದ. ವಿಚಿತ್ರ ಏನೆಂದರೆ, ಒಂದು ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂದು ಹೇಳುವುದು ಅಷ್ಟು ಕಷ್ಟವಲ್ಲ. ಅದನ್ನು ಬೇಗ, ಖಚಿತವಾಗಿ ಹೇಳುವ ವಿಧಾನವನ್ನು 2002ರಲ್ಲಿ ಕಾನ್ಪುರದ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಕೊಟ್ಟರು. ಅವಿಭಾಜ್ಯ ಅಲ್ಲ ಎಂದು ಗೊತ್ತಾದ ಮೇಲೂ ಅದರ ಅಪವರ್ತನಗಳು ಯಾವುವು ಎಂಬುದು ಬೇರೆಯದೇ ಪ್ರಶ್ನೆ.

ಹಂತ 3: ಭಾಜಕಗಳನ್ನು ಎಣಿಸಿ, ಕೂಡಿ

43,20,000ನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳೆಷ್ಟು? ಒಂದೊಂದೇ ಹುಡುಕಬೇಕಿಲ್ಲ. ಯಾವುದೇ ಭಾಜಕದಲ್ಲಿ ಇರಬಹುದಾದದ್ದು 2, 3, 5 ಮಾತ್ರ. 2 ಎಷ್ಟು ಸಲ ಬರಬಹುದು? 0ರಿಂದ 8ರವರೆಗೆ, ಅಂದರೆ 9 ಆಯ್ಕೆ. 3ಕ್ಕೆ 4 ಆಯ್ಕೆ, 5ಕ್ಕೆ 5 ಆಯ್ಕೆ. ಒಟ್ಟು:

9 × 4 × 5 = 180

ಸೂತ್ರ ಇಷ್ಟೇ: ಪ್ರತಿ ಘಾತಕ್ಕೆ ಒಂದು ಕೂಡಿ, ಎಲ್ಲವನ್ನೂ ಗುಣಿಸಿ. 180 ಭಾಜಕಗಳು 90 ಜೋಡಿಗಳಾಗುತ್ತವೆ. ಅವುಗಳಲ್ಲಿ ಒಂದಕ್ಕೊಂದು ಅತಿ ಹತ್ತಿರದ ಜೋಡಿ 2,000 × 2,160.

ಬೆಸ ಭಾಜಕಗಳು ಮಾತ್ರ ಬೇಕಾದರೆ 2ನ್ನು ಬಿಟ್ಟುಬಿಡಿ: 4 × 5 = 20. ಪೂರ್ಣ ವರ್ಗವಾಗಿರುವ ಭಾಜಕಗಳು ಬೇಕಾದರೆ ಸಮ ಘಾತಗಳನ್ನಷ್ಟೇ ಎಣಿಸಿ. 2ಕ್ಕೆ 0, 2, 4, 6, 8. 3ಕ್ಕೆ 0, 2. 5ಕ್ಕೆ 0, 2, 4. ಒಟ್ಟು 5 × 2 × 3 = 30. ಅವುಗಳಲ್ಲಿ ದೊಡ್ಡದು 14,40,000, ಅಂದರೆ 1,200ರ ವರ್ಗ. ಹಾಗಾಗಿ 43,20,000 = 3 × 1,200². ಈ ರೂಪ ಮುಂದೆ ಉಪಯೋಗಕ್ಕೆ ಬರುತ್ತದೆ.

ಭಾಜಕಗಳ ಮೊತ್ತಕ್ಕೂ ಅಷ್ಟೇ ಸರಳ ದಾರಿ ಇದೆ:

1 + 2 + 4 + … + 256 = 511
1 + 3 + 9 + 27 = 40
1 + 5 + 25 + 125 + 625 = 781

ಮೂರನ್ನೂ ಗುಣಿಸಿದರೆ 1,59,63,640. ಇದೇ 180 ಭಾಜಕಗಳ ಮೊತ್ತ. ಆವರಣಗಳನ್ನು ಗುಣಿಸಿ ಬಿಡಿಸಿದರೆ ಪ್ರತಿ ಭಾಜಕವೂ ಸರಿಯಾಗಿ ಒಂದೇ ಸಲ ಬರುತ್ತದೆ. ಅನುಮಾನ ಇದ್ದವರು 12ರಂಥ ಸಣ್ಣ ಸಂಖ್ಯೆಯ ಮೇಲೆ ಮಾಡಿ ನೋಡಿ.

ಹಂತ 4: ಮೊತ್ತ ನೋಡಿ ಗುಂಪಿಗೆ ಸೇರಿಸಿ

ಸುಮಾರು ಕ್ರಿ.ಶ. 100ರಲ್ಲಿದ್ದ ಗೆರಾಸಾದ ನಿಕೋಮೇಕಸ್ ಸಂಖ್ಯೆಗಳನ್ನು ಮೂರು ಗುಂಪು ಮಾಡಿದ. ಸಂಖ್ಯೆಯನ್ನು ಬಿಟ್ಟು ಅದರ ಉಳಿದ ಭಾಜಕಗಳನ್ನು ಕೂಡಿ. ಮೊತ್ತ ಸಂಖ್ಯೆಗೇ ಸಮವಾದರೆ ಅದು ಪರಿಪೂರ್ಣ ಸಂಖ್ಯೆ. 6 ಮತ್ತು 28 ಹಾಗಿರುವವು. ಮೊತ್ತ ಕಡಿಮೆಯಾದರೆ ನ್ಯೂನ ಸಂಖ್ಯೆ, ಹೆಚ್ಚಾದರೆ ಅಧಿಕ ಸಂಖ್ಯೆ.

1,59,63,640 − 43,20,000 = 1,16,43,640

ಸಂಖ್ಯೆಗಿಂತ ಎಷ್ಟೋ ಜಾಸ್ತಿ. ಹಾಗಾಗಿ ಅಧಿಕ ಸಂಖ್ಯೆ. ಆದರೆ ಇಲ್ಲಿಗೇ ನಿಲ್ಲಿಸಿದರೆ ರುಚಿ ಸಿಗುವುದಿಲ್ಲ. ಎಷ್ಟು ಅಧಿಕ ಎಂದೂ ಕೇಳಬೇಕು. ಒಟ್ಟು ಮೊತ್ತವನ್ನು ಸಂಖ್ಯೆಯಿಂದ ಭಾಗಿಸಿದರೆ ಸುಮಾರು 3.695 ಬರುತ್ತದೆ. 2, 3, 5 ಮಾತ್ರ ಇರುವ ಸಂಖ್ಯೆ ಎಷ್ಟೇ ದೊಡ್ಡದಿರಲಿ, ಈ ಅನುಪಾತ 3.75ನ್ನು ಮುಟ್ಟಲಾರದು. ಅದು 2 × 3/2 × 5/4 ಎಂಬ ಗುಣಲಬ್ಧ, ಅದೇ ಮಿತಿ. ನಮ್ಮ ಸಂಖ್ಯೆ ಆ ಮಿತಿಯ ನೂರಕ್ಕೆ 98ಕ್ಕೂ ಹೆಚ್ಚು ಭಾಗ ತಲುಪಿದೆ.

ಇನ್ನೊಂದು ಗುಂಪಿಗೆ ನಮ್ಮ ಊರಿನ ನಂಟಿದೆ. ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ 1948ರಲ್ಲಿ ಎ. ಕೆ. ಶ್ರೀನಿವಾಸನ್ 'ಪ್ರಾಕ್ಟಿಕಲ್ ಸಂಖ್ಯೆ'ಗಳ ಬಗ್ಗೆ ಬರೆದರು. ಒಂದು ಸಂಖ್ಯೆಗಿಂತ ಸಣ್ಣದಾದ ಪ್ರತಿಯೊಂದು ಸಂಖ್ಯೆಯನ್ನೂ ಅದರ ಬೇರೆ ಬೇರೆ ಭಾಜಕಗಳ ಮೊತ್ತವಾಗಿ ಬರೆಯಲು ಬಂದರೆ ಅದು ಪ್ರಾಕ್ಟಿಕಲ್. ಉದಾಹರಣೆಗೆ 1,729ನ್ನು 1,728 + 1 ಎಂದು ಬರೆಯಬಹುದು. 1,728 ಮತ್ತು 1 ಎರಡೂ 43,20,000ರ ಭಾಜಕಗಳು.

ಹೀಗೆ 43 ಲಕ್ಷ ಸಂಖ್ಯೆಗಳನ್ನೂ ಪರೀಕ್ಷಿಸುವುದು ಆಗುವ ಮಾತಲ್ಲ. ಸ್ಟೀವರ್ಟ್ ಮತ್ತು ಸೆರ್ಪಿನ್‌ಸ್ಕಿ 1950ರ ದಶಕದಲ್ಲಿ ಕೊಟ್ಟ ಪರೀಕ್ಷೆ ಎರಡು ಸಾಲಿನದು. ಅವಿಭಾಜ್ಯಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ, ಮೊದಲನೆಯದು 2 ಆಗಿರಬೇಕು. ಆಮೇಲೆ ಬರುವ ಪ್ರತಿ ಅವಿಭಾಜ್ಯವೂ ಅದರ ಹಿಂದಿನ ಭಾಗದ ಭಾಜಕಗಳ ಮೊತ್ತಕ್ಕೆ ಒಂದು ಕೂಡಿದ್ದನ್ನು ಮೀರಬಾರದು. ಇಲ್ಲಿ 2⁸ರ ಭಾಜಕಗಳ ಮೊತ್ತ 511, 3 ಅದಕ್ಕಿಂತ ಎಷ್ಟೋ ಸಣ್ಣದು. ಮುಂದೆ 511 × 40 = 20,440, 5 ಅದಕ್ಕಿಂತಲೂ ಸಣ್ಣದು. ಪಾಸ್.

ಇದೇ ಪರೀಕ್ಷೆಯನ್ನು 157,79,17,500ಕ್ಕೆ ಹಾಕಿ. 4ರ ಭಾಜಕಗಳ ಮೊತ್ತ 7, 3 ದಾಟುತ್ತದೆ. 12ರದ್ದು 28, 5 ದಾಟುತ್ತದೆ. 5⁴ ಸೇರಿದ ಮೇಲೆ 28 × 781 = 21,868. 61 ಸರಿ, 3,449 ಕೂಡ ಸರಿ. ಇದೂ ಪ್ರಾಕ್ಟಿಕಲ್ ಸಂಖ್ಯೆಯೇ.

ಹಂತ 5: ರಾಮಾನುಜನ್ ಪರೀಕ್ಷೆ

180 ಭಾಜಕಗಳು ಎಂದರೆ ಬಹಳ ಅನ್ನಿಸುತ್ತದೆ, ಅಲ್ವಾ? ಹಾಗಾದರೆ ಇದು ತನಗಿಂತ ಸಣ್ಣ ಎಲ್ಲಾ ಸಂಖ್ಯೆಗಳಿಗಿಂತ ಹೆಚ್ಚು ಭಾಜಕಗಳಿರುವ ಸಂಖ್ಯೆಯೇ? ಶ್ರೀನಿವಾಸ ರಾಮಾನುಜನ್ 1915ರಲ್ಲಿ ಪ್ರಕಟಿಸಿದ ದೊಡ್ಡ ಲೇಖನ ಇಂಥ 'ಹೈಲಿ ಕಾಂಪೋಸಿಟ್' ಸಂಖ್ಯೆಗಳ ಮೇಲೆಯೇ.

ಉತ್ತರ: ಅಲ್ಲ. ಅದನ್ನು ಹೇಳಲು ಒಂದೇ ನೋಟ ಸಾಕು. ಇಂಥ ಸಂಖ್ಯೆಯಲ್ಲಿ ಘಾತಗಳು ಇಳಿಯುತ್ತಾ ಹೋಗಬೇಕು, ಏರಬಾರದು. ನಮ್ಮಲ್ಲಿ 8, 3, 4 ಇವೆ. 3ರ ಘಾತಕ್ಕಿಂತ 5ರ ಘಾತ ದೊಡ್ಡದು. ಅವೆರಡನ್ನೂ ಅದಲುಬದಲು ಮಾಡಿ: 2⁸ × 3⁴ × 5³ = 25,92,000. ಇದಕ್ಕೂ 180 ಭಾಜಕಗಳೇ, ಆದರೆ ಸಂಖ್ಯೆ ಎಷ್ಟೋ ಸಣ್ಣದು.

ಇನ್ನೂ ಕೆಳಗೆ ಹೋಗಿ 3,60,360 ನೋಡಿ. 2³ × 3² × 5 × 7 × 11 × 13. ಭಾಜಕಗಳು 4 × 3 × 2 × 2 × 2 × 2 = 192. ನಮ್ಮ ಸಂಖ್ಯೆಯ ಹನ್ನೆರಡನೇ ಒಂದು ಭಾಗಕ್ಕಿಂತ ಚೂರೇ ಜಾಸ್ತಿ, ಆದರೂ ಭಾಜಕಗಳು ನಮ್ಮದಕ್ಕಿಂತ ಹೆಚ್ಚು. 2, 3, 5ನ್ನೇ ಮತ್ತೆ ಮತ್ತೆ ಪೇರಿಸುವುದಕ್ಕಿಂತ 7, 11, 13ನ್ನು ಒಂದೊಂದು ಸಲ ಸೇರಿಸಿಕೊಳ್ಳುವುದರಲ್ಲಿ ಲಾಭ ಜಾಸ್ತಿ.

ಹಾಗಾದರೆ ಹಳೆಯ ಜ್ಯೋತಿಷಿಗಳು 7ನ್ನು ಯಾಕೆ ಬಿಟ್ಟರು? ಅವರಿಗೆ ಬೇಕಿದ್ದದ್ದು ಭಾಜಕಗಳ ದಾಖಲೆಯಲ್ಲ. ಅವರ ಲೆಕ್ಕವೆಲ್ಲ 60, 360ರಲ್ಲಿ ನಡೆಯುತ್ತಿತ್ತು. ಅಲ್ಲಿ 2, 3, 5 ಬಿಟ್ಟು ಬೇರೆ ಅವಿಭಾಜ್ಯಕ್ಕೆ ಕೆಲಸವಿಲ್ಲ.

ಹಂತ 6: ಈಗ ಘಾತಗಳನ್ನಷ್ಟೇ ನೋಡಿ

8, 3, 4. ಅವಿಭಾಜ್ಯಗಳನ್ನು ಮರೆತು ಈ ಮೂರನ್ನಷ್ಟೇ ಇಟ್ಟುಕೊಂಡರೂ ಬಹಳಷ್ಟು ಹೇಳಬಹುದು.

ಎಲ್ಲಾ ಘಾತಗಳೂ 2 ಅಥವಾ ಅದಕ್ಕಿಂತ ಹೆಚ್ಚು. ಇಂಥದ್ದಕ್ಕೆ 'ಪವರ್‌ಫುಲ್ ಸಂಖ್ಯೆ' ಎಂದು ಹೆಸರು. ಇವುಗಳನ್ನು ಯಾವಾಗಲೂ ಒಂದು ವರ್ಗ ಮತ್ತು ಒಂದು ಘನದ ಗುಣಲಬ್ಧವಾಗಿ ಬರೆಯಬಹುದು. ನಮ್ಮದು 400² × 3³. ತಾಳೆ ನೋಡಿ: 1,60,000 × 27.

ಸಂಖ್ಯೆ ತಾನೇ ಪೂರ್ಣ ವರ್ಗವೋ, ಪೂರ್ಣ ಘನವೋ, ಇನ್ನಾವುದಾದರೂ ಪೂರ್ಣ ಘಾತವೋ? ಅದಕ್ಕೆ ಘಾತಗಳ ಮ.ಸಾ.ಅ. ನೋಡಬೇಕು. 8, 3, 4ರ ಮ.ಸಾ.ಅ. 1. ಹಾಗಾಗಿ ಯಾವ ಪೂರ್ಣ ಘಾತವೂ ಅಲ್ಲ. ಪವರ್‌ಫುಲ್ ಆಗಿದ್ದೂ ಪೂರ್ಣ ಘಾತವಲ್ಲದ ಸಂಖ್ಯೆಗೆ 'ಅಕಿಲೀಸ್ ಸಂಖ್ಯೆ' ಎನ್ನುತ್ತಾರೆ. ಗ್ರೀಕ್ ಕಥೆಯ ಅಕಿಲೀಸ್ ಮಹಾ ಬಲಶಾಲಿ, ಆದರೂ ಒಂದು ಊನ ಇತ್ತಲ್ಲ, ಅದಕ್ಕೆ. ಅಕಿಲೀಸ್ ಸಂಖ್ಯೆಗಳಲ್ಲಿ ಅತಿ ಸಣ್ಣದು 72.

ಇನ್ನು ಪಂಚಾಂಗದ ನಾಲ್ಕೂ ಯುಗಗಳನ್ನು ಇದೇ ಪರೀಕ್ಷೆಗೆ ಹಾಕೋಣ.

ಕಲಿ: 4,32,000 = 2⁷ × 3³ × 5³
ದ್ವಾಪರ: 8,64,000 = 2⁸ × 3³ × 5³
ತ್ರೇತಾ: 12,96,000 = 2⁷ × 3⁴ × 5³
ಕೃತ: 17,28,000 = 2⁹ × 3³ × 5³

ಮೊದಲ ಮೂರೂ ಅಕಿಲೀಸ್ ಸಂಖ್ಯೆಗಳು. ಕೃತಯುಗದ ಘಾತಗಳು 9, 3, 3. ಮ.ಸಾ.ಅ. 3. ಅಂದರೆ ಪೂರ್ಣ ಘನ: 120³. ಧರ್ಮ ನಾಲ್ಕು ಕಾಲಿನ ಮೇಲೆ ನಿಂತಿದ್ದ ಯುಗ ಇದು ಎನ್ನುತ್ತಾರೆ, ಊನವಿಲ್ಲದ ಸಂಖ್ಯೆಯೂ ಇದೊಂದೇ! ಇದು ಸುಮ್ನೆ ಕಾಕತಾಳೀಯ. 4:3:2:1ರ ಅನುಪಾತದಲ್ಲಿ 4ರಿಂದ ಗುಣಿಸಿದಾಗ 7 ಇದ್ದ ಘಾತ 9 ಆಯಿತು, ಅಷ್ಟೇ. ಆದರೂ ನೋಡಿದರೆ ಖುಷಿಯಾಗುತ್ತದೆ.

ಆರ್ಯಭಟ ಈ 4:3:2:1ನ್ನು ಒಪ್ಪಲಿಲ್ಲ ಎಂಬುದು ನಿಮಗೆ ಗೊತ್ತಿರಬಹುದು. ಅವನು ಮಹಾಯುಗವನ್ನು ಸರಿಸಮ ನಾಲ್ಕು ಪಾಲು ಮಾಡಿದ, ತಲಾ 10,80,000. ಅದರ ಘಾತಗಳು 6, 3, 4. ಅದೂ ಅಕಿಲೀಸ್.

ಹಂತ 7: ವರ್ಗಗಳ ಮೊತ್ತ, ಸಹ-ಅವಿಭಾಜ್ಯಗಳ ಎಣಿಕೆ

ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದೇ? ನಿಯಮ ಇದು: 4ರಿಂದ ಭಾಗಿಸಿದಾಗ ಶೇಷ 3 ಬರುವ ಅವಿಭಾಜ್ಯಗಳ ಘಾತ ಸಮ ಇರಬೇಕು. ನಮ್ಮಲ್ಲಿ 3ರ ಘಾತ 3, ಅದು ಬೆಸ. ಆಗುವುದಿಲ್ಲ. ಮೂರು ವರ್ಗಗಳಾದರೆ? ಲೆಜಾಂಡ್ರನ ಪ್ರಮೇಯದವರೆಗೆ ಹೋಗುವುದೇ ಬೇಡ. ಹಂತ 3ರಲ್ಲಿ ಸಿಕ್ಕ ರೂಪ ನೆನಪಿದೆಯೇ? 3 × 1,200². ಅಂದರೆ 1,200² + 1,200² + 1,200².

ಇನ್ನು 43,20,000ರವರೆಗೆ ಅದರೊಂದಿಗೆ 1 ಬಿಟ್ಟು ಬೇರೆ ಸಾಮಾನ್ಯ ಭಾಜಕವೇ ಇಲ್ಲದ ಸಂಖ್ಯೆಗಳೆಷ್ಟು? ಆಯ್ಲರ್ ಫಲನ ಹೇಳುವುದು ಇದನ್ನೇ. 2ರ ಗುಣಕಗಳು ಹೋದರೆ ಅರ್ಧ ಉಳಿಯುತ್ತದೆ, 3ರವು ಹೋದರೆ ಅದರಲ್ಲಿ ಮೂರನೇ ಎರಡು, 5ರವು ಹೋದರೆ ಐದನೇ ನಾಲ್ಕು.

43,20,000 × 1/2 × 2/3 × 4/5 = 11,52,000

ಬೇರೆ ಮಾತಿನಲ್ಲಿ, ಪ್ರತಿ 30 ಸಂಖ್ಯೆಗಳಲ್ಲಿ 8 ಉಳಿಯುತ್ತವೆ. ಅವು 1, 7, 11, 13, 17, 19, 23, 29.

ಹಂತ 8: ಬರೆಯುವ ರೀತಿಯ ಗುಣಗಳನ್ನು ಬೇರೆ ಇಡಿ

ಇಲ್ಲಿಯವರೆಗೆ ನೋಡಿದ್ದೆಲ್ಲ ಸಂಖ್ಯೆಯ ಸ್ವಂತ ಗುಣ. ರೋಮನ್ ಅಂಕಿಯಲ್ಲಿ ಬರೆದರೂ, ಕಲ್ಲು ಜೋಡಿಸಿ ಎಣಿಸಿದರೂ ಅವು ಬದಲಾಗುವುದಿಲ್ಲ. ಇನ್ನೊಂದು ಬಗೆಯ ಗುಣಗಳಿವೆ. ಅವು ನಾವು ಹತ್ತರ ಪದ್ಧತಿಯಲ್ಲಿ ಬರೆಯುವುದರಿಂದ ಹುಟ್ಟಿದವು. ಎರಡನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಬಾರದು ಎಂಬುದು ನನ್ನ ಅಭಿಪ್ರಾಯ. ಎಷ್ಟೋ ಕಡೆ ಬೆರೆಸಿಯೇ ಕೊಡುತ್ತಾರೆ.

ಅಂಕಿಗಳ ಮೊತ್ತ 4 + 3 + 2 = 9. 43,20,000ನ್ನು 9 ಭಾಗಿಸುತ್ತದೆ. ತನ್ನ ಅಂಕಿಗಳ ಮೊತ್ತದಿಂದ ಭಾಗವಾಗುವ ಇಂಥ ಸಂಖ್ಯೆಗೆ 'ಹರ್ಷದ ಸಂಖ್ಯೆ' ಎಂದು ಹೆಸರಿಟ್ಟವರು ನಾಸಿಕದ ಬಳಿಯ ದೇವಲಾಲಿಯಲ್ಲಿ ಮೇಷ್ಟ್ರಾಗಿದ್ದ ಡಿ. ಆರ್. ಕಾಪ್ರೇಕರ್. ಅಂಕಿಗಳ ವರ್ಗಗಳನ್ನು ಕೂಡುತ್ತಾ ಹೋಗುವ 'ಹ್ಯಾಪಿ ಸಂಖ್ಯೆ' ಆಟವೂ ಇದೆ, ಕೊನೆಗೆ 1 ಬಂದರೆ ಸಂಖ್ಯೆ ಹ್ಯಾಪಿ. 16 + 9 + 4 = 29, ಆಮೇಲೆ 85, ಆಮೇಲೆ 89. 89 ಸಿಕ್ಕಿದರೆ ಸುತ್ತಿನಲ್ಲಿ ಸಿಕ್ಕಿಕೊಂಡಂತೆ, 1 ಎಂದೂ ಬರುವುದಿಲ್ಲ. ಹಾಗಾಗಿ ನಮ್ಮ ಸಂಖ್ಯೆ ಹರ್ಷದ ಹೌದು, ಹ್ಯಾಪಿ ಅಲ್ಲ.

ಪದ್ಧತಿ ಬದಲಿಸಿ ನೋಡಿದರೆ ಸಂಖ್ಯೆಯ ಬೇರೆ ಮುಖ ಕಾಣುತ್ತದೆ. ದ್ವಿಮಾನದಲ್ಲಿ ಇದು 23 ಅಂಕಿ: 100000111101011 ಬರೆದು ಮುಂದೆ ಎಂಟು ಸೊನ್ನೆ. ಎಂಟು ಯಾಕೆ? 2ರ ಘಾತ 8, ಅದಕ್ಕೆ. ಹನ್ನೆರಡರ ಪದ್ಧತಿಯಲ್ಲಿ 1544000. ಅರವತ್ತರ ಪದ್ಧತಿಯಲ್ಲಂತೂ ತೀರಾ ಚೊಕ್ಕ: 20, 0, 0, 0. ಅಂದರೆ 20 × 60³.

ನೂರು ಬಿಟ್ಟು ಅರವತ್ತು ಹಿಡಿದವರಿಗೆ ಇದು 'ರೌಂಡ್ ಫಿಗರ್'. ಪಕ್ಕದ ಸಂಖ್ಯೆಗಳೂ ಇದನ್ನೇ ಹೇಳುತ್ತವೆ. ತ್ರೇತಾಯುಗದ 12,96,000 ಎಂದರೆ ಒಂದು ವೃತ್ತದ ವಿಕಲೆಗಳ (ಒಂದು ಡಿಗ್ರಿಯ 3,600ನೇ ಒಂದು ಭಾಗ) ಸಂಖ್ಯೆ: 360 × 60 × 60. ದ್ವಾಪರದ 8,64,000 ಎಂದರೆ ಹತ್ತು ದಿನಗಳ ಸೆಕೆಂಡುಗಳು. ಬ್ಯಾಬಿಲೋನಿನ ಪುರೋಹಿತ ಬೆರೋಸಸ್ ಕ್ರಿ.ಪೂ. 3ನೇ ಶತಮಾನದಲ್ಲಿ ಗ್ರೀಕಿನಲ್ಲಿ ಬರೆದಾಗ, ಜಲಪ್ರಳಯಕ್ಕೆ ಮುಂಚಿನ ರಾಜರ ಆಳ್ವಿಕೆ 4,32,000 ವರ್ಷ ಎಂದ. ಯಾರಿಂದ ಯಾರಿಗೆ ಹೋಯಿತು ಎಂಬ ವಾದಕ್ಕೆ ನಾವು ಇಳಿಯುವುದು ಬೇಡ. ಅರವತ್ತರಲ್ಲಿ ಎಣಿಸುವವರಿಗೆ 2 × 60³ ಸಹಜವಾಗಿ ಬರುವ ಸಂಖ್ಯೆ.

ದಶಮಾಂಶದಲ್ಲಿ ಇದರ ವ್ಯುತ್ಕ್ರಮ ಹೇಗಿರುತ್ತದೆ? 1 ÷ 43,20,000 = 0.00000023148148148… ಮೊದಲ ಎಂಟು ಸ್ಥಾನ ಬಿಟ್ಟು, ಆಮೇಲೆ 148 ಮರುಕಳಿಸುತ್ತದೆ. ಎಂಟು ಎಂಬುದು 2 ಮತ್ತು 5ರ ಘಾತಗಳಲ್ಲಿ ದೊಡ್ಡದು. ಮೂರು ಅಂಕಿ ಮರುಕಳಿಸುವುದಕ್ಕೆ ಕಾರಣ 27, ಏಕೆಂದರೆ 999 = 27 × 37.

ಹಂತ 9: ಇನ್ನೊಂದು ಸಂಖ್ಯೆಯ ಪಕ್ಕ ಇಟ್ಟು ನೋಡಿ

ಒಂಟಿ ಸಂಖ್ಯೆಯ ಗುಣ ಪಟ್ಟಿ ಮಾಡುವುದು ಚೆಂದ. ಆದರೆ ಅದು ಇನ್ನೊಂದು ಸಂಖ್ಯೆಯ ಜೊತೆ ಹೇಗೆ ನಡೆದುಕೊಳ್ಳುತ್ತದೆ ಎಂಬಲ್ಲಿ ನಿಜವಾದ ಉಪಯೋಗ. ಆರ್ಯಭಟನಲ್ಲಿ 43,20,000 ವರ್ಷಕ್ಕೆ 157,79,17,500 ದಿನ. ಇವೆರಡರ ಮ.ಸಾ.ಅ. ಎಷ್ಟು?

ಎರಡನ್ನೂ ಒಡೆದಿದ್ದೇವೆ. ಪ್ರತಿ ಅವಿಭಾಜ್ಯಕ್ಕೂ ಸಣ್ಣ ಘಾತ ತೆಗೆದುಕೊಳ್ಳಿ: 2² × 3 × 5⁴ = 7,500.

ಒಡೆಯದೆಯೂ ಮಾಡಬಹುದು. ಹತ್ತನೇ ಕ್ಲಾಸಿನ ಯೂಕ್ಲಿಡ್ ಭಾಗಾಕಾರ ನೆನಪಿಸಿಕೊಳ್ಳಿ:

157,79,17,500 = 365 × 43,20,000 + 11,17,500
43,20,000 = 3 × 11,17,500 + 9,67,500
11,17,500 = 1 × 9,67,500 + 1,50,000
9,67,500 = 6 × 1,50,000 + 67,500
1,50,000 = 2 × 67,500 + 15,000
67,500 = 4 × 15,000 + 7,500
15,000 = 2 × 7,500

ಕೊನೆಯ ಶೇಷ 7,500. ಸಮೀಕರಣಗಳಿಗೆ ಪೂರ್ಣಾಂಕದ ಉತ್ತರ ಹುಡುಕುವ ಆರ್ಯಭಟನ ಕುಟ್ಟಕ ವಿಧಾನ ಶುರುವಾಗುವುದೂ ಹೀಗೆಯೇ, ಭಾಗಿಸುತ್ತಾ ಕೆಳಗಿಳಿಯುವುದರಿಂದ. ಸಂಖ್ಯೆ ಒಡೆಯಲು ಬಾರದಷ್ಟು ದೊಡ್ಡದಾದರೂ ಈ ದಾರಿ ಕೈಕೊಡುವುದಿಲ್ಲ.

ಎರಡನ್ನೂ 7,500ರಿಂದ ಭಾಗಿಸಿದರೆ 576 ವರ್ಷಕ್ಕೆ 2,10,389 ದಿನ. ಅಂದರೆ ವರ್ಷಕ್ಕೆ 365 ಮತ್ತು 149/576 ದಿನ. ಗಂಟೆಗೆ ತಂದರೆ 365 ದಿನ 6 ಗಂಟೆ 12 ನಿಮಿಷ 30 ಸೆಕೆಂಡು, ಸರಿಯಾಗಿ.

ಭಾಗಲಬ್ಧಗಳನ್ನು ಎಸೆಯಬೇಡಿ: 3, 1, 6, 2, 4, 2. ಅವುಗಳಿಂದ 149/576ಕ್ಕೆ ಹತ್ತಿರದ ಸಣ್ಣ ಭಿನ್ನರಾಶಿಗಳು ಬರುತ್ತವೆ: 1/3, 1/4, 7/27, 15/58, 67/259, ಕೊನೆಗೆ 149/576. ಪ್ರತಿಯೊಂದನ್ನೂ ಕಟ್ಟುವುದು ಹಿಂದಿನ ಎರಡರಿಂದ. ಭಾಗಲಬ್ಧ 6 ಇದ್ದಲ್ಲಿ 6 × 1 + 1 = 7, 6 × 4 + 3 = 27. ಎರಡನೆಯದಾದ 1/4 ನಮ್ಮ ಅಧಿಕ ವರ್ಷ: ನಾಲ್ಕು ವರ್ಷಕ್ಕೊಂದು ದಿನ.

ಈಗ ಸೂರ್ಯಸಿದ್ಧಾಂತದ ಸಂಖ್ಯೆ ತೆಗೆದುಕೊಳ್ಳಿ. ಅದೇ 43,20,000 ವರ್ಷಕ್ಕೆ ಅಲ್ಲಿ 157,79,17,828 ದಿನ. 43 ಲಕ್ಷ ವರ್ಷದಲ್ಲಿ ವ್ಯತ್ಯಾಸ ಬರೀ 328 ದಿನ. ಮ.ಸಾ.ಅ.ಕ್ಕೆ 2, 3, 5 ಮಾತ್ರ ನೋಡಿದರೆ ಸಾಕು, ಏಕೆಂದರೆ 43,20,000ರಲ್ಲಿ ಬೇರೇನೂ ಇಲ್ಲ. ಕೊನೆಯ ಅಂಕಿ 8, ಹಾಗಾಗಿ 5 ಇಲ್ಲ. ಅಂಕಿಗಳ ಮೊತ್ತ 55, ಹಾಗಾಗಿ 3 ಇಲ್ಲ. ಕೊನೆಯ ಎರಡಂಕಿ 28, ಹಾಗಾಗಿ 4 ಇದೆ. ಕೊನೆಯ ಮೂರಂಕಿ 828ನ್ನು 8 ಭಾಗಿಸುವುದಿಲ್ಲ. ಮ.ಸಾ.ಅ. 4, ಅಷ್ಟೇ.

7,500 ಎಲ್ಲಿ, 4 ಎಲ್ಲಿ! ಆರ್ಯಭಟನಲ್ಲಿ 576 ವರ್ಷಕ್ಕೊಮ್ಮೆ ಪೂರ್ಣ ದಿನಗಳು ಬರುತ್ತವೆ. ಸೂರ್ಯಸಿದ್ಧಾಂತದಲ್ಲಿ ಅದಕ್ಕೆ 10,80,000 ವರ್ಷ ಕಾಯಬೇಕು. ಗಾತ್ರದಲ್ಲಿ ಅಕ್ಕಪಕ್ಕದ ಸಂಖ್ಯೆಗಳು, ಒಳಗಿನ ಕಟ್ಟಿನಲ್ಲಿ ಅಜಗಜಾಂತರ.

ಕೊನೆಗೆ ಚಂದ್ರನನ್ನೂ ಸೇರಿಸಿ. ಒಂದು ಮಹಾಯುಗದಲ್ಲಿ ಚಂದ್ರ ಸುತ್ತುವುದು 5,77,53,336 ಸಲ. ಇಲ್ಲೂ 2, 3, 5 ಮಾತ್ರ ನೋಡಿ. ಕೊನೆಯ ಮೂರಂಕಿ 336ನ್ನು 8 ಭಾಗಿಸುತ್ತದೆ, ಕೊನೆಯ ನಾಲ್ಕಂಕಿ 3336ನ್ನು 16 ಭಾಗಿಸುವುದಿಲ್ಲ. ಅಂಕಿಗಳ ಮೊತ್ತ 39, ಹಾಗಾಗಿ 3 ಒಂದೇ ಸಲ. 5 ಇಲ್ಲ. ಮ.ಸಾ.ಅ. 24. ಅಂದರೆ 1,80,000 ವರ್ಷಕ್ಕೆ ಚಂದ್ರನ 24,06,389 ಪೂರ್ಣ ಸುತ್ತು.

ದಿನಗಳಿಗೆ 576 ವರ್ಷ, ಚಂದ್ರನಿಗೆ 1,80,000 ವರ್ಷ. ಎರಡೂ ಒಟ್ಟಿಗೆ ಪೂರ್ಣವಾಗುವುದು ಯಾವಾಗ ಎಂದರೆ ಲ.ಸಾ.ಅ. ಬೇಕು. ಭಿನ್ನರಾಶಿ ಕೂಡುವಾಗ ಲ.ಸಾ.ಅ. ಬಳಸುವ ನಿಯಮವನ್ನು, 'ನಿರುದ್ಧ' ಎಂಬ ಹೆಸರಿನಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ಗಣಿತಸಾರಸಂಗ್ರಹದಲ್ಲಿ ಕೊಟ್ಟಿದ್ದಾನೆ. ಈ ಸಲ ದೊಡ್ಡ ಘಾತಗಳನ್ನು ತೆಗೆದುಕೊಳ್ಳಿ. 576 = 2⁶ × 3², 1,80,000 = 2⁵ × 3² × 5⁴. ಲ.ಸಾ.ಅ. 2⁶ × 3² × 5⁴ = 3,60,000 ವರ್ಷ. ಅಷ್ಟರಲ್ಲಿ ಆರ್ಯಭಟನ ಲೆಕ್ಕದಂತೆ 13,14,93,125 ದಿನ, ಚಂದ್ರನ 48,12,778 ಸುತ್ತು. ಯಾವುದರಲ್ಲೂ ಶೇಷವಿಲ್ಲ.